ಗಂಗಾಮೂಲದ ಮಗಳು: ಪಂಡಿತಾ ರಮಾಬಾಯಿ ಮತ್ತು ನಮಗೆ ಕೊಟ್ಟಿರುವ ವರಗಳು

(ಪುತ್ತೂರು, ಸುಳ್ಯ, ಕಡಬದ ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ)

 

ಮಂಗಳೂರಿನಿಂದ, ಬೆಂಗಳೂರಿನಿಂದ ವೀಕೆಂಡ್‌ಗೆ ಬಸ್ಸು ಹಿಡಿದು ಬಂದವರು ತುಂಬಾ ಜನ ಇದ್ದೀರಿ. ಶಿರಾಡಿ ಘಾಟಿಯಲ್ಲಿ ನಿದ್ದೆ ಆಗಿರ್ಲಿಕ್ಕಿಲ್ಲ, ಗೊತ್ತುಂಟು. ಆದರೂ ಬಂದಿದ್ದೀರಿ. ಕಡಬದ ತೋಟದ ಮನೆಗಳಿಂದ, ಸುಳ್ಯದಿಂದ, ಇಲ್ಲೇ ಪುತ್ತೂರು ಪೇಟೆಯಿಂದ ಬಂದವರು ಎಲ್ಲರಿಗೂ ಕರ್ತನಲ್ಲಿ ವಂದನೆ.

ಇವತ್ತಿನ ವಾಕ್ಯಭಾಗ ಒಂದನೆಯ ಕೊರಿಂಥ 12ನೆಯ ಅಧ್ಯಾಯ, ಜೊತೆಗೆ ಒಂದನೆಯ ಪೇತ್ರ 4ನೆಯ ಅಧ್ಯಾಯದ 10ನೆಯ ವಚನ. ಬೈಬಲ್ ತೆರೆದು ಇಟ್ಟುಕೊಳ್ಳಿ. ಆದರೆ ನಾನು ಇವತ್ತು ವಚನ ವಚನವಾಗಿ ವಿವರಿಸುವುದಿಲ್ಲ. ಒಬ್ಬ ಹೆಂಗಸಿನ ಜೀವನ ಹೇಳ್ತೇನೆ. ಆ ಜೀವನವನ್ನು ಈ ವಾಕ್ಯದ ಪಕ್ಕದಲ್ಲಿ ಇಟ್ಟು ನೋಡಿ.

ಯಾಕೆ ಈ ವಿಷಯ ತೆಗೆದುಕೊಂಡೆ ಅಂದ್ರೆ, ಹೋದ ತಿಂಗಳ ಕೂಟದಲ್ಲಿ ಹೆಸರು ಬರೆಯದೆ ಪ್ರಶ್ನೆ ಹಾಕ್ಲಿಕ್ಕೆ ಒಂದು ಡಬ್ಬ ಇಟ್ಟಿದ್ದೆವಲ್ಲ, ಅದರಲ್ಲಿ ಬಂದ ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಪ್ರಶ್ನೆ. ತನಗೆ ಯಾವ ವರ ಉಂಟು ಅಂತ ಹೇಗೆ ತಿಳಿಯುವುದು? ಇನ್ನು ಕೆಲವರು, ಎಷ್ಟು ವರ್ಷ ಪ್ರಾರ್ಥನೆ ಮಾಡಿದರೂ ಅನ್ಯಭಾಷೆ ಬರಲಿಲ್ಲ, ತಾನು ಎರಡನೇ ದರ್ಜೆಯ ವಿಶ್ವಾಸಿಯಾ ಅಂತ ಕೇಳಿದ್ದೀರಿ. ಆ ಚೀಟಿಗಳನ್ನು ಓದಿ ನನಗೆ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಕಾರಣ ಕೊನೆಗೆ ಹೇಳ್ತೇನೆ.

ಈಗ ಆ ಹೆಂಗಸಿನ ಹತ್ತಿರ ಹೋಗುವ. ಹೆಸರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಅಂತಲೇ ನಾವೆಲ್ಲ ಅಂದುಕೊಂಡಿರುವುದು. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಸಮಾಜ ಸುಧಾರಕಿ ಅಂತ ಒಂದು ಸಾಲು ಬಂದಿರಬಹುದು. ಆದರೆ ಅವರು ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮದೇ ಘಟ್ಟದಲ್ಲಿ. ಕಾರ್ಕಳದಿಂದ ಕುದುರೆಮುಖದ ಕಡೆಗೆ ಹೋಗುವಾಗ ಮಾಳ ಅಂತ ಒಂದು ಊರು ಸಿಗ್ತದೆ. ಆ ಮಾಳದ ಡೋಂಗ್ರೆ ಮನೆತನದವರು ಅವರ ತಂದೆ, ಅನಂತ ಶಾಸ್ತ್ರಿಗಳು. ಮಾಳದಿಂದ ಮೇಲೆ ಘಟ್ಟದ ಕಾಡಿನಲ್ಲಿ ಗಂಗಾಮೂಲ ಅಂತ ಜಾಗ. ತುಂಗಾ, ಭದ್ರಾ, ನೇತ್ರಾವತಿ ಮೂರು ನದಿಗಳ ಮೂಲ ಅಂತ ಹೆಸರಾದ ಜಾಗ ಅದು. ಅಲ್ಲಿ, 1858ನೇ ಇಸವಿ ಎಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ನಮ್ಮ ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಬಂದು ಸೇರುವುದು ಯಾವ ನದಿಗೆ? ಅದೇ ನೇತ್ರಾವತಿಗೆ. ಹಾಗಾಗಿ ಇದು ದೂರದ ಕಥೆ ಅಲ್ಲ. ನಮ್ಮ ಹೊಳೆಯ ಮೇಲಿನ ಮನೆಯ ಕಥೆ.

ಆ ಮನೆ ಕಾಡಿನಲ್ಲಿ ಯಾಕೆ ಬಂತು ಅನ್ನುವುದು ಮುಖ್ಯ. ಅನಂತ ಶಾಸ್ತ್ರಿಗಳು ದೊಡ್ಡ ಸಂಸ್ಕೃತ ವಿದ್ವಾಂಸರು. ತನ್ನ ಹೆಂಡತಿ ಲಕ್ಷ್ಮೀಬಾಯಿಗೂ ಸಂಸ್ಕೃತ ಕಲಿಸಬೇಕು ಅಂತ ಅವರಿಗೆ ಆಸೆ. ಆ ಕಾಲದಲ್ಲಿ ಹೆಂಗಸರಿಗೆ ಸಂಸ್ಕೃತ ಕಲಿಸುವುದು ಅಂದ್ರೆ ಊರವರು, ನೆಂಟರು ಒಪ್ಪುವ ಮಾತಲ್ಲ. ಅವರು ಹಟ ಬಿಡಲಿಲ್ಲ. ಕಾಡಿಗೆ ಹೋಗಿ ಮನೆ ಕಟ್ಟಿದರು, ಅಲ್ಲೇ ಹೆಂಡತಿಗೆ ಪಾಠ ಹೇಳಿದರು, ಶಿಷ್ಯರನ್ನೂ ಇಟ್ಟುಕೊಂಡರು. ಆಮೇಲೆ ಆ ತಾಯಿ ತನ್ನ ಮಗಳಿಗೆ ಕಲಿಸಿದರು. ಬೆಳಕು ಹರಿಯುವ ಮುಂಚೆ ಮಗುವನ್ನು ಎಬ್ಬಿಸಿ, ಮನೆಗೆಲಸ ಶುರುವಾಗುವ ಮೊದಲು ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹದಿಹರೆಯಕ್ಕೆ ಬರುವಾಗ ರಮಾಬಾಯಿಗೆ ಭಾಗವತದ 18,000 ಶ್ಲೋಕ ಬಾಯಿಗೆ ಬರುತ್ತಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲಿ. ನೆನಪಿನ ಶಕ್ತಿ, ಭಾಷೆ ಕಲಿಯುವ ಶಕ್ತಿ: ಇದು ಆ ಮಗುವಿಗೆ ಸಿಕ್ಕಿದ ದಾನ. ಅದನ್ನು ಆಕೆ ಸಂಪಾದಿಸಲಿಲ್ಲ. ದೇವರು ಕೊಟ್ಟದ್ದು, ತಾಯಿಯ ಕೈಯಿಂದ ಬೆಳೆದದ್ದು. ಆಗ ಅವರಿಗೆ ಕ್ರಿಸ್ತನ ಪರಿಚಯವೇ ಇಲ್ಲ. ಆದರೆ ದೇವರು ಮುಂದೆ ಏನಕ್ಕೆ ಉಪಯೋಗ ಮಾಡುತ್ತಾನೆ ಅನ್ನುವುದನ್ನು ಅಷ್ಟು ಮೊದಲೇ ತಯಾರು ಮಾಡುತ್ತಾನೆ. ನಿಮ್ಮ ಅಮ್ಮ ನಿಮಗೆ ಕಲಿಸಿದ ಯಾವುದನ್ನೂ ಸಣ್ಣದು ಅಂತ ಎಣಿಸಬೇಡಿ.

ರಮಾಬಾಯಿ ಕೆಲವೇ ತಿಂಗಳ ಕೂಸು ಆಗಿರುವಾಗಲೇ ಕುಟುಂಬ ಗಂಗಾಮೂಲ ಬಿಟ್ಟಿತು. ಬೆತ್ತದ ಬುಟ್ಟಿಯಲ್ಲಿ ಮಗುವನ್ನು ಹೊತ್ತುಕೊಂಡು ಘಟ್ಟ ಇಳಿದರು. ಅಲ್ಲಿಂದ ಮುಂದೆ ತೀರ್ಥಯಾತ್ರೆಯ ಜೀವನ, ಊರಿಂದೂರಿಗೆ ಪುರಾಣ ಓದಿ, ಜನ ಕೊಟ್ಟದ್ದರಲ್ಲಿ ಬದುಕುವುದು. ಹೀಗೆ ತಿರುಗಾಡ್ತಾ ತಿರುಗಾಡ್ತಾ ಮರಾಠಿಯ ಜೊತೆಗೆ ಕನ್ನಡ, ಹಿಂದಿ, ಆಮೇಲೆ ಬಂಗಾಳಿ ಎಲ್ಲ ಅವರಿಗೆ ಬಂತು.

ಆಮೇಲೆ 1870ರ ದಶಕದಲ್ಲಿ ದಕ್ಷಿಣ ಭಾರತದ ದೊಡ್ಡ ಬರಗಾಲ. ಕೈಯಲ್ಲಿದ್ದ ಹಣ ಮುಗಿಯಿತು, ಪಾತ್ರೆ ಪಗಡ ಮಾರಿ ಆಯಿತು. ಭಿಕ್ಷೆ ಬೇಡ್ಲಿಕ್ಕೆ ಮನಸ್ಸಿಲ್ಲ, ಕೂಲಿ ಮಾಡಿ ಗೊತ್ತಿಲ್ಲ. ಕಾಡಿನ ಎಲೆ ತಿಂದು ನೀರು ಕುಡಿದು ದಿನ ದೂಡಿದರು. ಮೊದಲು ತಂದೆ ತೀರಿಹೋದರು. ಸ್ವಲ್ಪ ಸಮಯದಲ್ಲಿ ತಾಯಿ. ಆಮೇಲೆ ಅಕ್ಕ. ತಾಯಿ ಸತ್ತಾಗ ಹೆಣ ಹೊರಲಿಕ್ಕೆ ನಾಲ್ಕು ಜನ ಸಿಗಲಿಲ್ಲ. ಇಬ್ಬರು ಮಾತ್ರ ಬಂದರು. ಅಣ್ಣ ಶ್ರೀನಿವಾಸ ಮೂರನೆಯವ, ನಾಲ್ಕನೆಯ ಹೆಗಲು ಮಗಳದ್ದೇ. ಅವರು ಗಿಡ್ಡ ಇದ್ದ ಕಾರಣ ಹೆಗಲಿಗೆ ಎಟುಕದೆ ಚಟ್ಟದ ಮೂಲೆಯನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದರು.

ಪ್ರಿಯರೇ, ಇದನ್ನು ಮರೆಯಬೇಡಿ. ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತ ಹುಡುಗಿ. ಇಪ್ಪತ್ತು ವರ್ಷ ಕಳೆದು ಈ ಹುಡುಗಿ ಏನು ಮಾಡ್ತಾರೆ ಅಂತ ನೋಡುವಾಗ ಈ ಚಿತ್ರ ನಿಮಗೆ ಬೇಕಾಗ್ತದೆ.

ಅಣ್ಣ ತಂಗಿ ಇಬ್ಬರೇ ಉಳಿದರು. ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿ ವಿದ್ವಾಂಸರು ಇಪ್ಪತ್ತು ವರ್ಷದ ಈ ಹೆಣ್ಣುಮಗಳನ್ನು ಪರೀಕ್ಷೆ ಮಾಡಿ ಬೆರಗಾದರು. ಪಂಡಿತಾ ಅಂತಲೂ ಸರಸ್ವತಿ ಅಂತಲೂ ಬಿರುದು ಕೊಟ್ಟರು. ಪೇಪರ್‌ನಲ್ಲಿ ಹೆಸರು ಬಂತು, ಎಲ್ಲಿ ಹೋದರೂ ಸಭೆ, ಹಾರ, ಭಾಷಣ. ಇವತ್ತಿನ ಕಾಲ ಆಗಿದ್ದರೆ ಫಾಲೋವರ್ಸ್ ಲಕ್ಷಗಟ್ಟಲೆ ಇರುತ್ತಿದ್ದರು.

ಆದರೆ 1880ರಲ್ಲಿ ಅಣ್ಣ ತೀರಿಹೋದ. ಅದೇ ವರ್ಷ ಅವರು ಬಿಪಿನ್ ಬಿಹಾರಿ ಮೇಧ್ವಿ ಅನ್ನುವ ಬಂಗಾಳಿ ವಕೀಲರನ್ನು ಮದುವೆಯಾದರು. ಬೇರೆ ಜಾತಿ, ಬೇರೆ ಭಾಷೆ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮಗಳಿಗೆ ಒಂದು ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಗಂಡ ಕಾಲರಾದಿಂದ ತೀರಿಹೋದರು. ಇಪ್ಪತ್ತಮೂರು ವರ್ಷ ಪ್ರಾಯ, ಕೈಯಲ್ಲಿ ಕೂಸು, ವಿಧವೆ.

ಆ ಕಾಲದಲ್ಲಿ ಮೇಲ್ಜಾತಿಯ ವಿಧವೆಯ ಪಾಡು ಹೇಗೆ ಅಂತ ನಾನು ಹೆಚ್ಚು ಹೇಳಬೇಕಾಗಿಲ್ಲ. ತಲೆ ಬೋಳಿಸುವುದು, ಒಪ್ಪೊತ್ತಿನ ಊಟ, ಮನೆಯ ಮೂಲೆ. ರಮಾಬಾಯಿ ಪುಣೆಗೆ ಬಂದು ಹೆಂಗಸರಿಗಾಗಿ ಆರ್ಯ ಮಹಿಳಾ ಸಮಾಜ ಶುರು ಮಾಡಿದರು. ಅದೇ 1882ರಲ್ಲಿ ಸರಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ಹೆಂಗಸರಿಗೆ ಹೆಂಗಸರೇ ಡಾಕ್ಟರರು ಬೇಕು ಅಂತ ಸಾಕ್ಷಿ ಹೇಳಿದರು. ತಾನೇ ಡಾಕ್ಟರ್ ಆಗಬೇಕು ಅಂತ 1883ರಲ್ಲಿ ಇಂಗ್ಲೆಂಡಿಗೆ ಹೋದರು.

ಅಲ್ಲಿ ಬಾಗಿಲು ಮುಚ್ಚಿತು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅದು ಹೆಚ್ಚಾಗ್ತಾ ಬಂತು. ಮೆಡಿಕಲ್ ಓದುವ ಆಸೆ ಬಿಡಬೇಕಾಯಿತು. ನೀಟ್ ಬರೆದು ಸೀಟು ಸಿಗದವರು ಇಲ್ಲಿ ಇದ್ದೀರಿ, ನಿಮಗೆ ಆ ನೋವು ಗೊತ್ತು. ಆದರೆ ಅದೇ ಇಂಗ್ಲೆಂಡಿನಲ್ಲಿ, ವಾಂಟೇಜ್ ಊರಿನ ಕ್ರೈಸ್ತ ಸಹೋದರಿಯರ ಮನೆಯಲ್ಲಿ ಇರುವಾಗ ಅವರು ಒಂದು ವಿಷಯ ನೋಡಿದರು. ಸಮಾಜ ಹೊರಗೆ ಹಾಕಿದ ಹೆಂಗಸರನ್ನು, ಬಿದ್ದುಹೋದವರು ಅಂತ ಜನ ಬೆರಳು ತೋರಿಸುವವರನ್ನು, ಈ ಸಹೋದರಿಯರು ಕರೆದು ಕೂರಿಸಿ ಊಟ ಕೊಟ್ಟು ಪ್ರೀತಿಯಿಂದ ಮಾತಾಡಿಸುತ್ತಿದ್ದರು. ಇದು ಯಾಕೆ ಅಂತ ಅವರು ಕೇಳಿದಾಗ ಅವರಿಗೆ ಸಿಕ್ಕಿದ ಉತ್ತರ ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯ, ಬಾವಿಯ ಹತ್ತಿರ ಕೂತ ಯೇಸು ಮತ್ತು ಸಮಾರ್ಯದ ಹೆಂಗಸು. 1883ರ ಸೆಪ್ಟೆಂಬರ್ 29ರಂದು ಮಗಳ ಜೊತೆಗೆ ದೀಕ್ಷಾಸ್ನಾನ ತೆಗೆದುಕೊಂಡರು.

ನೋಡಿ, ಅವರನ್ನು ಕ್ರಿಸ್ತನ ಕಡೆಗೆ ಎಳೆದದ್ದು ಯಾರೋ ವಾದದಲ್ಲಿ ಗೆದ್ದದ್ದರಿಂದ ಅಲ್ಲ. ವಾದದಲ್ಲಿ ಅವರನ್ನು ಸೋಲಿಸುವವರು ಕಡಿಮೆ! ಅವರನ್ನು ಎಳೆದದ್ದು ಸೇವೆ. ಯಾರೋ ಹೆಸರಿಲ್ಲದ ಸಹೋದರಿಯರು ಯಾರಿಗೋ ಬಡಿಸಿದ ಊಟ.

ದೀಕ್ಷಾಸ್ನಾನ ಆದ ಕೂಡಲೇ ಎಲ್ಲ ಸರಿಯಾಯಿತು ಅಂತ ಇಲ್ಲ. ಅಲ್ಲಿನ ಗುರುಗಳ ಎಲ್ಲ ಮಾತಿಗೂ ಅವರು ತಲೆ ಆಡಿಸಲಿಲ್ಲ, ಪ್ರಶ್ನೆ ಕೇಳಿದರು. ಧರ್ಮ ಸಿಕ್ಕಿತ್ತು, ಆದರೆ ಕ್ರಿಸ್ತನನ್ನೇ ವೈಯಕ್ತಿಕವಾಗಿ ಕಂಡುಕೊಂಡದ್ದು ಎಷ್ಟೋ ವರ್ಷ ಕಳೆದ ಮೇಲೆ, 1891ರ ಸುಮಾರಿಗೆ ಅಂತ ಅವರೇ ತಮ್ಮ ಸಾಕ್ಷಿಯಲ್ಲಿ ಹೇಳಿದ್ದಾರೆ. ಸಭೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಮಾತು ಬೇಕು.

1886ರಲ್ಲಿ ಅಮೇರಿಕಕ್ಕೆ ಹೋದರು. ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ತೆಗೆದುಕೊಳ್ಳುವ ಸಮಾರಂಭಕ್ಕೆ ಹೋದದ್ದು. ಮರು ವರ್ಷ ಭಾರತದ ಮೇಲ್ಜಾತಿ ಹೆಂಗಸರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅಲ್ಲಿಯ ಜನ ಹತ್ತು ವರ್ಷ ಸಹಾಯ ಮಾಡುವುದಾಗಿ ಒಪ್ಪಿದರು. ಊರಿಗೆ ಬಂದು 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ತೆರೆದರು. ಬಾಲವಿಧವೆಯರಿಗೆ ಶಾಲೆ ಮತ್ತು ಮನೆ. ಮೊದಮೊದಲು ಬಂದವರಲ್ಲಿ ಗೋದೂಬಾಯಿ ಅಂತ ಒಬ್ಬ ವಿಧವೆ ಇದ್ದರು. ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆ ಅಂತ ಹೆಸರಾದವರು ಅವರೇ.

ಶಾಲೆ ಪುಣೆಗೆ ಬಂತು. ಅಲ್ಲಿ ಕೆಲವು ಹುಡುಗಿಯರು ರಮಾಬಾಯಿಯ ಕೋಣೆಯ ಪ್ರಾರ್ಥನೆಗೆ ತಾವಾಗಿ ಬಂದು ಕೂರ್ಲಿಕ್ಕೆ ಶುರುಮಾಡಿದರು. ಅವರು ಬಾಗಿಲು ಮುಚ್ಚಲಿಲ್ಲ. 1893ರಲ್ಲಿ ದೊಡ್ಡ ಗಲಾಟೆಯಾಯಿತು. ಬೆಂಬಲ ಕೊಟ್ಟಿದ್ದ ಊರಿನ ಮುಖಂಡರು ಹಿಂದೆ ಸರಿದರು, ತುಂಬಾ ತಂದೆತಾಯಿ ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಒಂದು ಕಡೆ ಇಂಗ್ಲೆಂಡಿನ ಸಭೆಯವರಿಗೆ ಇವರು ಸಾಕಷ್ಟು ವಿಧೇಯರಲ್ಲ ಅಂತ ಬೇಸರ, ಇನ್ನೊಂದು ಕಡೆ ಊರವರಿಗೆ ಇವರು ಮೋಸ ಮಾಡಿದರು ಅಂತ ಸಿಟ್ಟು. ನಡುವೆ ಒಬ್ಬ ಕಿವಿ ಕೇಳದ ವಿಧವೆ.

ಈಗ ನಾನು ಹೇಳಿದ ಆ ಚಿತ್ರಕ್ಕೆ ಬನ್ನಿ. 1896ರಲ್ಲಿ ಮತ್ತೆ ಬರಗಾಲ, ಈ ಸಲ ಮಧ್ಯಭಾರತದಲ್ಲಿ. ಸುದ್ದಿ ಕೇಳಿದ ರಮಾಬಾಯಿಗೆ ಪುಣೆಯಲ್ಲಿ ಕೂರ್ಲಿಕ್ಕೆ ಆಗಲಿಲ್ಲ. ಹಸಿವು ಅಂದ್ರೆ ಏನು ಅಂತ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬರಗಾಲದ ಊರುಗಳಿಗೆ ಹೋಗಿ ದಾರಿ ಬದಿಯಲ್ಲಿ ಬಿದ್ದಿದ್ದ, ಮೋಸಗಾರರ ಕೈಗೆ ಸಿಗುವಂತಿದ್ದ ಸುಮಾರು 300 ಹುಡುಗಿಯರನ್ನು ಹಂತಹಂತವಾಗಿ ಕರೆದುಕೊಂಡು ಬಂದರು. ಅಷ್ಟು ಜನರನ್ನು ಇಡ್ಲಿಕ್ಕೆ ಜಾಗ ಎಲ್ಲಿ? ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿ, ಶಾಲೆಯ ಖರ್ಚಿಗೆ ಆದಾಯ ಬರಲಿ ಅಂತ ಮೊದಲೇ ತೆಗೆದುಕೊಂಡಿದ್ದ ಸುಮಾರು 100 ಎಕರೆ ಜಮೀನು ಇತ್ತು. ಅಲ್ಲಿ ಬಾವಿ ತೋಡಿಸಿ, ಶೆಡ್ಡು ಹಾಕಿ, ಆಮೇಲೆ ಕಟ್ಟಡ ಕಟ್ಟಿ, 1898ರ ಸೆಪ್ಟೆಂಬರ್‌ನಲ್ಲಿ ಮುಕ್ತಿ ಸದನ ಅಂತ ಪ್ರತಿಷ್ಠೆ ಮಾಡಿದರು. 1900ರಲ್ಲಿ ಗುಜರಾತಿನ ಬರಗಾಲ ಬಂದಾಗ ಇನ್ನೂ ನೂರಾರು ಮಂದಿ. ಒಟ್ಟು ಸುಮಾರು 2000 ಜನರ ಮನೆ ಆಯಿತು.

ಎರಡು ಸಾವಿರ ಜನ! ನಮ್ಮ ಕನ್ವೆನ್ಷನ್‌ನಲ್ಲಿ ಮೂರು ದಿನ ಐನೂರು ಜನಕ್ಕೆ ಗಂಜಿ, ಪಲ್ಯ ಮಾಡ್ಲಿಕ್ಕೆ ನಮ್ಮ ಅಡುಗೆ ಕಮಿಟಿಯವರು ಎಷ್ಟು ಒದ್ದಾಡ್ತಾರೆ ಅಂತ ಗೊತ್ತಲ್ಲ. ಅಲ್ಲಿ ಅದು ದಿನಾ ನಡೆಯಬೇಕಿತ್ತು. ಹಾಗಾಗಿ ಎಲ್ಲರಿಗೂ ಕೆಲಸ. ಬೀಸುವುದು, ಅಡುಗೆ, ಹೊಲಿಗೆ, ನೇಯ್ಗೆ, ಹೊಲದ ಕೆಲಸ, ಹಾಲು ಕರೆಯುವುದು, ಎಣ್ಣೆ ತೆಗೆಯುವುದು, ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವುದು. ಜೊತೆಗೆ ಶಾಲೆ. ಕಣ್ಣು ಕಾಣದ ಹುಡುಗಿಯರಿಗೆ ಬ್ರೈಲ್ ಲಿಪಿ. ಮೋಸಹೋಗಿ ಬಂದವರಿಗೆ ಕೃಪಾ ಸದನ ಅಂತ ಬೇರೆ ಮನೆ. ವಯಸ್ಸಾದವರಿಗೆ ಒಂದು ಮನೆ. ಮಗಳು ಮನೋರಮಾ ಓದು ಮುಗಿಸಿ ಬಂದು ತಾಯಿಯ ಬಲಗೈ ಆದಳು.

ಈಗ ಬರುತ್ತದೆ ನಮ್ಮ ಪೆಂತೆಕೋಸ್ತ್ ಸಭೆಗಳು ಹೆಮ್ಮೆಯಿಂದ ಹೇಳುವ ಭಾಗ. 1905ರ ಜನವರಿ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಉಜ್ಜೀವನ ನಡೆಯುತ್ತಿದೆ ಅಂತ ಕೇಳಿ ರಮಾಬಾಯಿ ಒಂದು ಪ್ರಾರ್ಥನಾ ಗುಂಪು ಶುರು ಮಾಡಿದರು. ದಿನಾ ಬೆಳಿಗ್ಗೆ ಸುಮಾರು 70 ಜನ. ಜೂನ್ ಹೊತ್ತಿಗೆ ದಿನಕ್ಕೆ ಎರಡು ಸಲ ಸೇರುವವರು 550 ಆದರು. ಜೂನ್ 29ರ ನಸುಕಿನಲ್ಲಿ, ದೊಡ್ಡ ಹುಡುಗಿಯರ ಮಲಗುವ ಕೋಣೆಯಲ್ಲಿ ಒಬ್ಬ ಹುಡುಗಿಯ ಮೇಲೆ ಪವಿತ್ರಾತ್ಮನು ಬಂದನು. ಪಕ್ಕದಲ್ಲಿದ್ದವಳು ನೋಡುವಾಗ ಇವಳ ಮೈಗೆ ಬೆಂಕಿ ಹಿಡಿದ ಹಾಗೆ ಕಂಡಿತು, ಅವಳು ಓಡಿಹೋಗಿ ಬಕೆಟಿನಲ್ಲಿ ನೀರು ತಂದಳು, ಸುರಿಯುವ ಮುಂಚೆ ಇದು ಬೇರೆ ಬೆಂಕಿ ಅಂತ ತಿಳಿಯಿತು. ಹೀಗಂತ ಆ ಕಾಲದಲ್ಲಿ ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಮರುದಿನ ಸಂಜೆ ರಮಾಬಾಯಿ ಯೋಹಾನ 8ನೆಯ ಅಧ್ಯಾಯದಿಂದ ಎಂದಿನ ಹಾಗೆ ಶಾಂತವಾಗಿ ಪಾಠ ಹೇಳ್ತಾ ಇದ್ದರು. ಹುಡುಗಿಯರೆಲ್ಲ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸಲಿಕ್ಕೆ, ಅಳಲಿಕ್ಕೆ, ಪಾಪ ಅರಿಕೆ ಮಾಡಲಿಕ್ಕೆ ತೊಡಗಿದರು. ಪಾಠ ನಿಲ್ಲಿಸಬೇಕಾಯಿತು. ಹಲ್ಲೆಲೂಯಾ!

ಗಮನಿಸಿ, ಅಮೇರಿಕದ ಅಜುಸಾ ಬೀದಿಯ ಉಜ್ಜೀವನ ಶುರುವಾದದ್ದು 1906ರ ಎಪ್ರಿಲ್‌ನಲ್ಲಿ. ಅದಕ್ಕಿಂತ ಮೊದಲೇ ಇಲ್ಲಿ, ಬರಗಾಲದಿಂದ ಎತ್ತಿ ತಂದ ಹುಡುಗಿಯರ ಮಧ್ಯೆ ದೇವರು ಕೆಲಸ ಮಾಡಿದ್ದ. 1906ರ ಡಿಸೆಂಬರ್ ಹೊತ್ತಿಗೆ ಮುಕ್ತಿಯಲ್ಲಿ ಅನ್ಯಭಾಷೆಯ ವರವೂ ಕಾಣಿಸಿತು. ಅಲ್ಲಿ ಸೇವೆಯಲ್ಲಿದ್ದ ಮಿನ್ನಿ ಏಬ್ರಾಮ್ಸ್ ಅನ್ನುವ ಮಿಷನರಿ ಈ ಅನುಭವದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದು ದಕ್ಷಿಣ ಅಮೇರಿಕದ ಚಿಲಿ ದೇಶದಲ್ಲಿದ್ದ ತನ್ನ ಗೆಳತಿಗೆ ಕಳಿಸಿದರು. 1909ರಲ್ಲಿ ಚಿಲಿಯಲ್ಲಿ ಶುರುವಾದ ಪೆಂತೆಕೋಸ್ತ್ ಉಜ್ಜೀವನಕ್ಕೆ ಅದೂ ಒಂದು ಕಿಡಿ.

ಇದೆಲ್ಲ ನಾವು ಹೇಳ್ತೇವೆ. ಹೇಳದೆ ಬಿಡುವ ಒಂದು ವಿಷಯ ಉಂಟು. ಆ ಮನೆಯ ತಾಯಿ, ರಮಾಬಾಯಿ, ತಾನು ಅನ್ಯಭಾಷೆಯಲ್ಲಿ ಮಾತಾಡಿದೆ ಅಂತ ಎಂದೂ ಹೇಳಿಕೊಂಡವರಲ್ಲ. ಹುಡುಗಿಯರಿಗೆ ಬಂದ ವರವನ್ನು ಅವರು ತಡೆಯಲಿಲ್ಲ. ಹೊರಗಿನವರು ಟೀಕೆ ಮಾಡಿದಾಗ ಹುಡುಗಿಯರ ಪರವಾಗಿ ನಿಂತು ಬರೆದರು. ತನಗೆ ಬಾರದ ವರ ಮಕ್ಕಳಿಗೆ ಬಂತು ಅಂತ ಹೊಟ್ಟೆಕಿಚ್ಚು ಪಡಲಿಲ್ಲ, ತಾನು ಕಡಿಮೆ ಅಂತ ಕೊರಗಲೂ ಇಲ್ಲ. ಹಾಗಾದರೆ ಅವರಿಗೆ ಆತ್ಮನ ವರ ಇರಲಿಲ್ಲವಾ? ನಮ್ಮಲ್ಲಿ ಯಾರಿಗಾದರೂ ಹಾಗೆ ಹೇಳುವ ಧೈರ್ಯ ಉಂಟಾ?

ಈಗ ಕೊರಿಂಥದ ಪತ್ರಿಕೆ ನೋಡಿ, 12ನೆಯ ಅಧ್ಯಾಯ 28ನೆಯ ವಚನ. ಪೌಲನು ವರಗಳ ಪಟ್ಟಿ ಮಾಡ್ತಾನೆ. ಸ್ವಸ್ಥಮಾಡುವ ವರ ಒಂದು ಕಡೆ, ಅನ್ಯಭಾಷೆ ಇನ್ನೊಂದು ಕಡೆ. ಇವೆರಡರ ಮಧ್ಯೆ ಏನಿದೆ? ಪರರಿಗೆ ಸಹಾಯ ಮಾಡುವುದು, ನಿರ್ವಹಣೆ ಮಾಡುವುದು. ಅದೇ ಪಟ್ಟಿಯಲ್ಲಿ, ಅದೇ ಸಾಲಿನಲ್ಲಿ. ಅದನ್ನು ಆತ್ಮನ ವರ ಅಂತ ಬರೆದದ್ದು ನಾನಲ್ಲ, ಅಪೊಸ್ತಲ ಪೌಲ. ಅದೇ ಅಧ್ಯಾಯದ 7ನೆಯ ವಚನದಲ್ಲಿ ವರ ಯಾಕೆ ಕೊಡ್ತಾನೆ ಅಂತ ಹೇಳಿಯೂ ಆಗಿದೆ: ಎಲ್ಲರ ಪ್ರಯೋಜನಕ್ಕೆ. ಪೇತ್ರನೂ ಅದನ್ನೇ ಹೇಳುವುದು, ಸಿಕ್ಕಿದ ವರದಿಂದ ಒಬ್ಬರು ಇನ್ನೊಬ್ಬರ ಸೇವೆ ಮಾಡಬೇಕು, ಮನೆಯ ಯಜಮಾನ ಕೊಟ್ಟದ್ದನ್ನು ಬಡಿಸುವ ಒಳ್ಳೆ ಮನೆವಾರ್ತೆಯವನ ಹಾಗೆ.

ಅಪೊಸ್ತಲರ ಕೃತ್ಯ 6ನೆಯ ಅಧ್ಯಾಯದಲ್ಲಿ ವಿಧವೆಯರಿಗೆ ಊಟ ಬಡಿಸುವ ಕೆಲಸಕ್ಕೆ ಏಳು ಜನರನ್ನು ಆರಿಸಿದರು. ಅರ್ಹತೆ ಏನು? ಪವಿತ್ರಾತ್ಮಭರಿತರಾಗಿರಬೇಕು. ಬಡಿಸ್ಲಿಕ್ಕೆ! ನಾವಾಗಿದ್ದರೆ, ಸ್ಟೇಜಿಗೆ ಆತ್ಮಭರಿತರು, ಅಡುಗೆಮನೆಗೆ ಬಿಡುವಿದ್ದವರು ಅಂತ ಮಾಡ್ತಿದ್ದೆವು. ಆದಿ ಸಭೆ ಹಾಗೆ ಮಾಡಲಿಲ್ಲ.

ಮುಕ್ತಿಯಲ್ಲಿಯೂ ಬೆಂಕಿ ಬಿದ್ದ ಮರುದಿನ ಏನಾಯಿತು? ಜೋಳ ಬೀಸಲೇಬೇಕಿತ್ತು. ಎರಡು ಸಾವಿರ ಹೊಟ್ಟೆ ಕಾಯ್ತಾ ಇತ್ತು. ಉಜ್ಜೀವನ ಬಂದದ್ದು ಆ ಬೀಸುವ ಕೈಗಳ ಮೇಲೆ. ಆಮೇಲೆ ಅದೇ ಹುಡುಗಿಯರು ಗುಂಪು ಗುಂಪಾಗಿ ಸುತ್ತಮುತ್ತಲ ಹಳ್ಳಿಗಳಿಗೆ ಸುವಾರ್ತೆ ತೆಗೆದುಕೊಂಡು ಹೋದರು. ಪ್ರಾರ್ಥನೆಯಿಂದ ಕೆಲಸಕ್ಕೆ, ಕೆಲಸದಿಂದ ಪ್ರಾರ್ಥನೆಗೆ, ನಡುವೆ ಗೋಡೆ ಇರಲಿಲ್ಲ.

ಇನ್ನು ರಮಾಬಾಯಿಯ ವರ ಯಾವುದು ಅಂತ ಕೇಳಿದ್ರೆ, ಕೊನೆಯ ಹದಿನೇಳು ಹದಿನೆಂಟು ವರ್ಷ ನೋಡಿ. ಉಜ್ಜೀವನದ ಕಾಲದಿಂದ ಸಾಯುವವರೆಗೆ ಅವರು ಕೂತು ಮಾಡಿದ ಕೆಲಸ ಬೈಬಲ್ ಅನುವಾದ. ಆಗ ಇದ್ದ ಮರಾಠಿ ಬೈಬಲಿನ ಭಾಷೆ ಹಳ್ಳಿಯ ಸಾಮಾನ್ಯ ಹೆಂಗಸಿಗೆ ಕಷ್ಟ ಅಂತ ಅವರಿಗೆ ಕಂಡಿತು. ನಲವತ್ತು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತು, ಮೂಲದಿಂದ ಸುಲಭ ಮರಾಠಿಗೆ ತಂದರು. ಅಕ್ಷರ ಜೋಡಿಸಿದ್ದು, ಮುದ್ರಿಸಿದ್ದು ಮುಕ್ತಿಯ ಹೆಂಗಸರೇ. ಒಂದು ಕಾಲದಲ್ಲಿ ಅನ್ನ ಇಲ್ಲದೆ ಬಿದ್ದಿದ್ದ ಹುಡುಗಿಯರ ಕೈಯಿಂದ ದೇವರ ವಾಕ್ಯ ಅಚ್ಚಾಯಿತು. ಗಂಗಾಮೂಲದ ತಾಯಿ ಬೆಳಗಾಗುವ ಮುಂಚೆ ಎಬ್ಬಿಸಿ ಕಲಿಸಿದ ಭಾಷೆಯ ಶಕ್ತಿ, ಕಲ್ಕತ್ತೆಯಲ್ಲಿ ಬಿರುದು ತಂದ ಅದೇ ಶಕ್ತಿ, ಕೊನೆಗೆ ಓದು ಬಾರದ ಹೆಂಗಸರ ಪಾದದ ಹತ್ತಿರ ಬಂದು ಕೂತಿತು. ಅನ್ಯಭಾಷೆಯ ವರ ಹುಡುಗಿಯರಿಗೆ. ಸಾಮಾನ್ಯರ ಭಾಷೆಯ ವರ ತಾಯಿಗೆ. ಎರಡನ್ನೂ ಕೊಟ್ಟ ಆತ್ಮನು ಒಬ್ಬನೇ.

ನಮ್ಮ ಕರ್ನಾಟಕವನ್ನೂ ಅವರು ಮರೆಯಲಿಲ್ಲ. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾ, ಇವತ್ತಿನ ಕಲಬುರಗಿಯಲ್ಲಿ, 1912-13ರ ಹೊತ್ತಿಗೆ ಹೆಣ್ಣುಮಕ್ಕಳ ಶಾಲೆ ಶುರು ಮಾಡಿಸಿದರು. ಅದನ್ನು ನೋಡಿಕೊಂಡದ್ದು ಮಗಳು ಮನೋರಮಾ. ಆದರೆ 1921ರ ಜುಲೈಯಲ್ಲಿ ಆ ಮಗಳು ತೀರಿಹೋದಳು. ನಲವತ್ತು ವರ್ಷ. ತನ್ನ ನಂತರ ಎಲ್ಲ ನೋಡಿಕೊಳ್ತಾಳೆ ಅಂತ ನಂಬಿದ್ದ ಒಬ್ಬಳೇ ಮಗಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ರಮಾಬಾಯಿ ಉಳಿದ ಪುಟಗಳಿಗೆ ಮರಳಿದರು. ಕೆಲಸ ಮುಗಿಯುವ ಹೊತ್ತಿಗೆ, 1922ರ ಎಪ್ರಿಲ್ 5ರಂದು ನಿದ್ದೆಯಲ್ಲೇ ಕರ್ತನ ಬಳಿಗೆ ಹೋದರು. 63 ವರ್ಷ. ಸರಕಾರ ಅವರಿಗೆ 1919ರಲ್ಲಿ ಕೈಸರ್-ಇ-ಹಿಂದ್ ಪದಕ ಕೊಟ್ಟಿತ್ತು, 1989ರಲ್ಲಿ ಅಂಚೆ ಚೀಟಿಯೂ ಬಂತು. ಆದರೆ ಮುಕ್ತಿ ಮಿಷನ್ ಇವತ್ತಿಗೂ ಕೇಡಗಾಂವ್‌ನಲ್ಲಿ ಕೆಲಸ ಮಾಡ್ತಾ ಉಂಟಲ್ಲ, ಅದೇ ದೊಡ್ಡ ಪದಕ.

ಈಗ ನಾನು ಆರಂಭದಲ್ಲಿ ಹೇಳಿದ ವಿಷಯ. ಆ ಚೀಟಿಗಳು ನನ್ನನ್ನು ಯಾಕೆ ಚುಚ್ಚಿದವು ಅಂತ.

ಮೂರು ವರ್ಷದ ಹಿಂದೆ ಒಂದು ಉಪವಾಸ ಪ್ರಾರ್ಥನೆಯಲ್ಲಿ ನಮ್ಮ ಒಬ್ಬ ತಮ್ಮ ಮುಂದೆ ಬಂದ. ಹೆಸರು ಹೇಳುವುದಿಲ್ಲ. ಆತ್ಮನ ಅಭಿಷೇಕಕ್ಕಾಗಿ ಅವನು ನಿಜವಾಗಿ ಬಾಯಾರಿದ್ದ. ನಾನು ಅವನ ತಲೆಯ ಮೇಲೆ ಕೈ ಇಟ್ಟು ತುಂಬಾ ಹೊತ್ತು ಪ್ರಾರ್ಥಿಸಿದೆ. ಅನ್ಯಭಾಷೆ ಬರಲಿಲ್ಲ. ನನಗೆ ಒಳಗೆ ಅವಮಾನ ಆಯಿತು, ಪಾಸ್ಟರ್ ಪ್ರಾರ್ಥನೆ ಮಾಡಿಯೂ ಆಗಲಿಲ್ಲ ಅಂತ ಜನ ನೋಡ್ತಾರಲ್ಲ. ಆ ಅವಮಾನವನ್ನು ಅವನ ಮೇಲೆ ಹಾಕಿದೆ. ಅರಿಕೆ ಮಾಡದ ಪಾಪ ಏನೋ ಅವನಲ್ಲಿ ಇರಬೇಕು ಅಂತ ಎಲ್ಲರ ಮುಂದೆ ಮೈಕಿನಲ್ಲಿ ಹೇಳಿದೆ.

ಅವನು ಯಾರು ಗೊತ್ತಾ? ನಮ್ಮ ಸಭೆಯ ಒಬ್ಬ ಅಮ್ಮಚ್ಚಿ ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದಾಗ, ಮಕ್ಕಳೆಲ್ಲ ಗಲ್ಫಿನಲ್ಲಿ, ರಾತ್ರಿ ಜೊತೆಗೆ ನಿಂತವನು ಅವನೇ. ಹಗಲು ಕೆಲಸ, ರಾತ್ರಿ ವಾರ್ಡಿನಲ್ಲಿ ನೆಲದ ಮೇಲೆ ಪೇಪರ್ ಹಾಸಿ ಮಲಗುವುದು. ನಾನು ಒಂದು ದಿನ ಹೋಗಿ ಪ್ರಾರ್ಥನೆ ಮಾಡಿ, ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿ ಬಂದೆ. ಹನ್ನೆರಡು ರಾತ್ರಿಯ ವರ ನನ್ನ ಕಣ್ಣಿಗೆ ಕಾಣಲೇ ಇಲ್ಲ. ಆ ಪ್ರಾರ್ಥನೆಯ ನಂತರ ಅವನು ಬೆಂಗಳೂರಿಗೆ ಹೋದ. ಯಾವ ಸಭೆಗೂ ಹೋಗುವುದಿಲ್ಲ ಅಂತ ಕೇಳಿದೆ.

ಹೋದ ವಾರ ಫೋನ್ ಮಾಡಿ ಅವನ ಹತ್ತಿರ ಕ್ಷಮೆ ಕೇಳಿದೆ. ಸುಮ್ಮನೆ ಕೇಳಿಸಿಕೊಂಡ. ವಾಪಸ್ ಬರ್ತೇನೆ ಅಂತ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಇಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿದ: ಆ ಅಮ್ಮಚ್ಚಿ ಈಗ ಹೇಗಿದ್ದಾರೆ, ಮಾತ್ರೆ ಸರಿಯಾಗಿ ತಗೊಳ್ತಾರಾ ಅಂತ. ನನಗೆ ಉತ್ತರ ಗೊತ್ತಿರಲಿಲ್ಲ. ಅವರ ಪಾಸ್ಟರ್ ನಾನು. ಗೊತ್ತಿರಲಿಲ್ಲ.

ತಪ್ಪು ತಿಳಿಯಬೇಡಿ. ಅನ್ಯಭಾಷೆ ಬೇಡ ಅಂತ ನಾನು ಹೇಳ್ತಾ ಇಲ್ಲ. ಆತ್ಮನ ವರಗಳನ್ನು ಆಸಕ್ತಿಯಿಂದ ಬಯಸಿರಿ ಅಂತ ವಾಕ್ಯವೇ ಹೇಳುತ್ತದೆ, ನಾವು ಬಯಸುವ, ಇವತ್ತು ಕೂಡ ಪ್ರಾರ್ಥನೆ ಮಾಡುವ. ಆದರೆ ಚೀಟಿ ಬರೆದ ತಮ್ಮಂದಿರೇ, ತಂಗಿಯರೇ, ವರ ಹುಡುಕುವ ದಾರಿ ಒಂದು ಹೇಳ್ತೇನೆ. ತನ್ನಲ್ಲಿ ಏನುಂಟು ಅಂತ ಒಳಗೆ ನೋಡ್ತಾ ಕೂರಬೇಡಿ. ಯಾರಿಗೆ ಏನು ಬೇಕು ಅಂತ ಹೊರಗೆ ನೋಡಿ. ರಮಾಬಾಯಿಗೆ ಅವರ ವರ ಗೊತ್ತಾದದ್ದು ಬರಗಾಲದ ಬೀದಿಯಲ್ಲಿ.

ಹಾಗಾಗಿ ಮೂರು ಕೆಲಸ ಮುಂದೆ ಇಡ್ತೇನೆ. ಒಂದು, ಆಸ್ಪತ್ರೆಯಲ್ಲಿ ಜೊತೆಗೆ ನಿಲ್ಲಲಿಕ್ಕೆ ಜನ ಇಲ್ಲದವರಿಗಾಗಿ ಮಂಗಳೂರಿನಲ್ಲಿ ಇರುವವರು ಒಂದು ಪಟ್ಟಿ ಮಾಡಿ, ಪಾಳಿಯಲ್ಲಿ ಹೋಗುವ. ಎರಡು, ಬ್ಯಾಂಕು, ಪಿಂಚಣಿ, ಆಧಾರ್ ಅಂತ ಮೊಬೈಲಿನಲ್ಲಿ ಮಾಡಬೇಕಾದ ಕೆಲಸ ಗೊತ್ತಾಗದ ಹಿರಿಯರು ಕಡಬ, ಸುಳ್ಯದ ಒಳ ಊರುಗಳಲ್ಲಿ ತುಂಬಾ ಇದ್ದಾರೆ. ಕಂಪ್ಯೂಟರ್ ಓದಿದ ನಿಮಗೆ ಹತ್ತು ನಿಮಿಷದ ಕೆಲಸ, ಅವರಿಗೆ ಒಂದು ದಿನದ ಬಸ್ಸು ಪ್ರಯಾಣ. ಮೂರು, ಇವತ್ತು ಊಟ ಆದ ಮೇಲೆ ಪಾತ್ರೆ ತೊಳೆಯುವುದು ವರ್ಶಿಪ್ ಟೀಮ್ ಮತ್ತು ನಾನು. ಪ್ರತಿ ಸಲ ತೊಳೆಯುವ ಅಕ್ಕಂದಿರು ಇವತ್ತು ಮೊದಲ ಪಂಕ್ತಿಯಲ್ಲಿ ಕೂತು ಊಟ ಮಾಡಬೇಕು.

ಪ್ರಾರ್ಥನೆ ಮಾಡುವ. ಎಲ್ಲರೂ ಕಣ್ಣು ಮುಚ್ಚಿ.

ಕರ್ತನೇ, ಘಟ್ಟದ ಕಾಡಿನಲ್ಲಿ ಹುಟ್ಟಿದ ಒಂದು ಮಗುವನ್ನು ನೀನು ನೋಡಿದಿ, ಕರೆದಿ, ಉಪಯೋಗಿಸಿದಿ, ನಿನಗೆ ಸ್ತೋತ್ರ. ನಮ್ಮ ಸಭೆಯಲ್ಲಿ ನಾವು ಕಾಣದೆ ಹೋದ ವರಗಳನ್ನು ಕಾಣುವ ಕಣ್ಣು ಕೊಡು. ನನ್ನ ಮಾತಿನಿಂದ ನೊಂದು ದೂರ ಹೋದ ಆ ತಮ್ಮನನ್ನು ನಿನ್ನ ಕೈಯಲ್ಲಿ ಹಿಡಿದುಕೋ. ಇಲ್ಲಿ ಕೂತಿರುವ ಒಬ್ಬೊಬ್ಬರನ್ನೂ ನಿನ್ನ ಆತ್ಮನಿಂದ ತುಂಬಿಸು, ತುಂಬಿದ್ದು ಪಕ್ಕದವರಿಗೆ ಹರಿಯಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ.

ಆಮೆನ್.